ಪುಸ್ತಕಗಳ ತಾಳಮದ್ದಳೆ

ಇವತ್ತು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ಎಷ್ಟು ಸುಳ್ಳನ್ನು ಆಚೆ ಮನೆಗೆ ದಾಟಿಸಿದಿರಿ, ಹೇಳಿ ನೋಡೋಣ?

ಬೇಡ ಬಿಡಿ, ಹೇಳಿ ಪಾಪ ಕಟ್ಟಿಕೊಳ್ಳಬೇಡಿ. ನಮ್ಮ ಮನೆಯ ಗುಂಪಿನಲ್ಲೇ ಇವತ್ತು ಒಬ್ಬರು ನುಗ್ಗೆಸೊಪ್ಪು ತಿಂದರೆ ಕಣ್ಣಿನ ಪೊರೆ ಕರಗುತ್ತದೆ ಅಂತ ಹಾಕಿದ್ದರು. ನಾನು ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ, "ಕರಗಿದ್ದನ್ನು ಯಾರು ನೋಡಿದ್ದು?" ಅಂತ ಕೇಳಿದೆ. ಅಳಿಯ ಕೈಮುಗಿಯುವ ಚಿತ್ರ ಹಾಕಿದ. ಟೈಪು ಮಾಡಲು ಕಲಿತು ಇನ್ನೂ ಹೊಸದು, ಆಗಲೇ ಅರ್ಧ ಗುಂಪು ನನ್ನ ಮೇಲೆ ಮುನಿಸಿಕೊಂಡಿದೆ. ಮೊಮ್ಮಗಳ ಶಾಲೆಯ ಲೈಬ್ರರಿಯಲ್ಲಿ ಇದನ್ನೇ ಪಾಠ ಮಾಡುತ್ತಾರಂತೆ, ಮಾಹಿತಿ ಸಾಕ್ಷರತೆ ಅಂತ ಅದಕ್ಕೆ ಹೆಸರಂತೆ, ಗೋಡೆಗೆ ಬಣ್ಣದ ಪಟವನ್ನೂ ಅಂಟಿಸಿದ್ದಾರಂತೆ. ಅಂಟಿಸಲಿ. ನಾನು ಪಟವಿಲ್ಲದೆ ಕಲಿತವಳು. ಕಲಿತದ್ದಕ್ಕೆ ಏನು ತೆತ್ತೆ ಅನ್ನುವುದನ್ನು ಯಾವ ಪಟದಲ್ಲೂ ಬರೆಯುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ಹೊಸನಗರ ಸೀಮೆಯ ಒಂದು ಹೈಸ್ಕೂಲಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಲೈಬ್ರರಿ ಅಂದರೆ ವಿಜ್ಞಾನದ ಸಾಮಾನು ಇಡುವ ಕೋಣೆಯ ಒಂದು ಮೂಲೆ. ಎರಡು ಮರದ ಬೀರು, ಒಂದು ಉದ್ದದ ಮೇಜು, ಗಾಜಿನ ಜಾಡಿಯಲ್ಲಿ ಒಂದು ಸತ್ತ ಹಾವು. ಅಲ್ಲಿಯವರೆಗೆ ಬೀರುವಿನ ಬೀಗ ತೆಗೆಯುತ್ತಿದ್ದದ್ದು ಇನ್‌ಸ್ಪೆಕ್ಟರು ಬರುವ ದಿನ ಮಾತ್ರ. ಅವರು ಹೋದ ಮೇಲೆ ಪುಸ್ತಕಗಳು ಮತ್ತೆ ಬೂಷ್ಟು ಹಿಡಿಯಲು ಒಳಗೆ ಹೋಗುತ್ತಿದ್ದವು.

ಆ ವರ್ಷ ಸಾಗರದ ಕಡೆಯಿಂದ ಒಬ್ಬ ಚರಿತ್ರೆಯ ಮೇಷ್ಟ್ರು ಬಂದರು. ಲೈಬ್ರರಿಯನ್ನೂ ಅವರ ಕೊರಳಿಗೆ ಕಟ್ಟಿದರು. ಮೇಷ್ಟ್ರಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತು ಒಬ್ಬ ಕರ್ಣನಾಗಿ ಇನ್ನೊಬ್ಬ ಕೃಷ್ಣನಾಗಿ ಮಾತಿನಲ್ಲೇ ಹೊಡೆದಾಡುವ ಆಟ ಅದು. ನಮ್ಮ ಊರುಗಳಲ್ಲಿ ಆಗ ಗಂಡಸರು ಮಾತ್ರ ಕೂರುತ್ತಿದ್ದರು. ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು, ಕರ್ಣ ಎಲ್ಲಿ ಸೋತ ಅನ್ನುವುದನ್ನು ಮಾರನೆಯ ದಿನ ಬಾವಿಕಟ್ಟೆಯಲ್ಲಿ ತೀರ್ಮಾನ ಮಾಡುತ್ತಿದ್ದರು.

ಮೇಷ್ಟ್ರು ಶನಿವಾರದ ಲೈಬ್ರರಿ ಪಿರಿಯಡ್ಡಿನಲ್ಲಿ ಪುಸ್ತಕಗಳಿಗೆ ತಾಳಮದ್ದಳೆ ಆಡಿಸಿದರು. ಒಬ್ಬರು ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಆಗಿ ಮಾತಾಡಬೇಕು. ಎದುರಿನವರು ಕೇಳಬೇಕು. ನೀನು ಹೇಳುವುದನ್ನು ನೀನೇ ಕಂಡದ್ದೋ, ಯಾರೋ ಹೇಳಿದ್ದೋ? ನಿನ್ನನ್ನು ಬರೆದವರು ಯಾರು? ಹೀಗೆ ಹೇಳುವುದರಿಂದ ಅವರಿಗೆ ಏನು ಸಿಗುತ್ತದೆ?

ಮೊದಲ ದಿನ ನನ್ನ ಗೆಳತಿಯ ತೊಡೆಯ ಮೇಲೆ ಕೂತಿದ್ದು ಒಂದು ಆರೋಗ್ಯದ ಪುಸ್ತಕ. ಉಂಬಳ, ಅಂದರೆ ನಮ್ಮ ಮಳೆಕಾಡಿನ ಜಿಗಣೆ, ಕೆಟ್ಟ ರಕ್ತವನ್ನು ಮಾತ್ರ ಕುಡಿಯುತ್ತದೆ ಅಂತ ಅದರಲ್ಲಿತ್ತು.

"ಕೆಟ್ಟದ್ದು ಯಾವ್ದು ಒಳ್ಳೇದ್ಯಾವ್ದು ಅಂತ ಉಂಬಳಕ್ಕೆ ಹ್ಯಾಂಗೆ ಗೊತ್ತಾಗ್ತದೆ?" ಅಂತ ನಾನು ಕೇಳಿದೆ.

"ಅದು ನನ್ನೊಳಗೆ ಬರ್ದಿಲ್ಲ," ಅಂದಳು ಪುಸ್ತಕವಾಗಿದ್ದ ಗೆಳತಿ.

"ನಿನ್ನ ಬರ್ದವ್ರಿಗೆ ಒಂದ್ಸಲನಾದ್ರೂ ಉಂಬಳ ಕಚ್ಚಿತ್ತಾ?"

"ಅವ್ರು ಬಯಲುಸೀಮೆಯೋರು. ಉಂಬಳನ ಚಿತ್ರದಲ್ಲಿ ನೋಡಿದಾರೆ."

ತರಗತಿಯೇ ನಕ್ಕಿತು. ಮೇಷ್ಟ್ರು ಮೇಜು ಬಡಿದು, "ಈಗ ಈ ಪುಸ್ತಕ ಹರಿದು ಒಲೆಗೆ ಹಾಕಬೇಕಾ?" ಅಂದರು. ಬೇಡ, ಉಂಬಳದ ವಿಷಯಕ್ಕೆ ಇದನ್ನು ನಂಬಬಾರದು, ಉಳಿದದ್ದನ್ನು ಬೇರೆ ಪುಸ್ತಕದ ಪಕ್ಕದಲ್ಲಿಟ್ಟು ನೋಡಬೇಕು ಅಂತ ತೀರ್ಮಾನವಾಯಿತು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕಿದ ಪಾಠ ಅದೊಂದೇ ಅಂದರೂ ಸುಳ್ಳಲ್ಲ. ಉಳಿದವೆಲ್ಲ ಬಾಯಿಪಾಠ.

ಮನೆಯಲ್ಲಿ ಬೇರೆ ಪಂಚಾಯ್ತಿ ನಡೆಯುತ್ತಿತ್ತು. ನಮ್ಮದು ಗದ್ದೆ ಮಾಡಿಕೊಂಡಿದ್ದ ಕೂಡುಕುಟುಂಬ. ಯಜಮಾನಿಕೆ ದೊಡ್ಡಪ್ಪನದು. ನನ್ನ ಸೋದರಮಾವ ಸಾಗರದಲ್ಲಿದ್ದರು. ಸಾಗರದಲ್ಲಿ ಕಾಲೇಜು ಶುರುವಾಗಿದೆ, ಹುಡುಗಿಯನ್ನು ನಮ್ಮ ಮನೆಯಲ್ಲಿ ಬಿಡಿ, ಓದಲಿ ಅಂತ ಮಾವ ಹೇಳಿ ಕಳಿಸಿದ್ದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನಾನು ಓದಬೇಕು ಅನ್ನುವ ಹಟ ನನಗಿಂತ ಅವಳಿಗೇ ಹೆಚ್ಚು. ದೊಡ್ಡಪ್ಪ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ, "ಹೆಣ್ಣಿಗೆ ಕಾಲೇಜು ಎಂತಕ್ಕೆ? ನಾಳೆ ಗಂಡು ಹುಡುಕೋರು ಯಾರು, ಕಾಲೇಜಿನೋರಾ?" ಅನ್ನುತ್ತಿದ್ದರು.

ಅಪ್ಪಯ್ಯ ಅಣ್ಣನಿಗೆ ಎದುರು ಮಾತಾಡುವ ಜನವಲ್ಲ. ಒಂದು ದಿನ ಮಾತ್ರ ಹೇಗೋ ಬಾಯಿಬಿಟ್ಟರು. "ತೀರ್ಥಹಳ್ಳಿಲಿ ಮುಂದಿನ ತಿಂಗ್ಳು ಭಾಷಣದ ಸ್ಪರ್ಧೆ ಇದೆಯಂತೆ, ಅಣ್ಣಯ್ಯ. ಮೂರೂ ತಾಲ್ಲೂಕಿನ ಹೈಸ್ಕೂಲು ಸೇರ್ತಾವಂತೆ. ಇವ್ಳು ಕಪ್ ಗೆದ್ದು ಬಂದ್ರೆ?"

"ಗೆದ್ರೆ ಕಳ್ಸು. ಊರೇ ಹೌದು ಅಂದ್ಮೇಲೆ ಬೇಡ ಅನ್ನಾಕೆ ನಾನ್ಯಾರು?" ಅಂದರು ದೊಡ್ಡಪ್ಪ. ಗೆಲ್ಲುವುದಿಲ್ಲ ಅಂತ ಅವರಿಗೆ ಅಷ್ಟು ಧೈರ್ಯ.

ಅವ್ವ ಅವತ್ತೇ ತನ್ನ ಮದುವೆಯ ಟ್ರಂಕನ್ನು ಹೊರಗೆ ತೆಗೆದು ಬಿಸಿಲಿಗೆ ಇಟ್ಟಳು. "ಇನ್ನೂ ಗೆದ್ದಿಲ್ಲಲ್ಲೇ ಅವ್ವ," ಅಂದರೆ, "ಗೆದ್ಮೇಲೆ ಒಣಗ್ಸಿದ್ರೆ ಜಿರಲೆ ವಾಸ್ನೆ ಹೋಗ್ತದಾ?" ಅಂದಳು.

ಸ್ಪರ್ಧೆಯ ವಿಷಯ ನಮ್ಮ ಸೀಮೆಯ ಇತಿಹಾಸ. ನಾನು ನಮ್ಮ ಸೀಮೆಯದೇ ನಗರ ಅನ್ನುವ ಊರಿನ ಕೋಟೆಯನ್ನು ಆರಿಸಿಕೊಂಡೆ. ನಗರದ ಕೋಟೆ ಅಂದ ಕೂಡಲೆ ನಮ್ಮ ಕಡೆ ಎಲ್ಲರೂ ಮೊದಲು ಹೇಳುತ್ತಿದ್ದದ್ದು ಸುರಂಗ. ಕೋಟೆಯೊಳಗಿನಿಂದ ಘಟ್ಟದ ಕೆಳಗೆ ಸಮುದ್ರದವರೆಗೆ ಸುರಂಗ ಇದೆ, ರಾಣಿಯರು ಕುದುರೆಯ ಮೇಲೆ ಕೂತೇ ಅದರಲ್ಲಿ ಹೋಗುತ್ತಿದ್ದರು, ಹೀಗೆ. ಬೀರುವಿನಲ್ಲಿ ಹುಡುಕಿದಾಗ ಎರಡು ಕನ್ನಡ ಪುಸ್ತಕದಲ್ಲಿ ಸುರಂಗ ಸಿಕ್ಕಿತು. ನನಗೆ ಖುಷಿಯೋ ಖುಷಿ. ಎರಡು ಸಾಕ್ಷಿ ಸಿಕ್ಕಿದ ಮೇಲೆ ಇನ್ನೇನು ಬೇಕು?

ಶನಿವಾರ ಎರಡೂ ಪುಸ್ತಕವನ್ನು ತಾಳಮದ್ದಳೆಗೆ ಕೂರಿಸಿದೆವು. ಹಳೆಯ ಪುಸ್ತಕ ಓದಿತು: ಸುರಂಗವು ಪೂರ್ವಕ್ಕೆ ತಿರುಗಿ ಸಮುದ್ರ ತೀರವನ್ನು ಸೇರುವುದೆಂದು ಜನರು ಹೇಳುವರು. ಇನ್ನೊಂದು ಚಿಕ್ಕ ಪುಸ್ತಕ, ಅದರ ರಟ್ಟೂ ಮೊದಲ ಹಾಳೆಗಳೂ ಹುಳ ತಿಂದು ಹೋಗಿದ್ದವು, ಅದೂ ಓದಿತು: ಸುರಂಗವು ಪೂರ್ವಕ್ಕೆ ತಿರುಗಿ ಸಮುದ್ರ ತೀರವನ್ನು ಸೇರುತ್ತದೆ.

ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಿದ ಮಕ್ಕಳಿಗೆ ಸಮುದ್ರ ಯಾವ ದಿಕ್ಕಿಗೆ ಅಂತ ಹೇಳಿಕೊಡಬೇಕಾ? ಪೂರ್ವಕ್ಕೆ ತಿರುಗಿದರೆ ಸಿಗುವುದು ಶಿವಮೊಗ್ಗ. ಹಿಂದಿನ ಬೆಂಚಿನಿಂದ ಯಾರೋ, "ಪರೀಕ್ಷೆಲಿ ಕಾಪಿ ಹೊಡ್ದಂಗಿದೆ," ಅಂದರು. ತಪ್ಪೂ ಒಂದೇ ಆದರೆ ಎರಡನೆಯವನು ಮೊದಲನೆಯವನ ಪೇಪರು ನೋಡಿ ಬರೆದಿದ್ದಾನೆ ಅಂತಲೇ ಅರ್ಥ. ಮೇಲಾಗಿ ಮೊದಲನೆಯದು "ಜನರು ಹೇಳುವರು" ಅಂದಿತ್ತು, ಎರಡನೆಯದು ಆ ಜನರನ್ನೂ ನುಂಗಿತ್ತು. ಎರಡು ಸಾಕ್ಷಿ ಕರಗಿ ಒಂದಾಯಿತು, ಆ ಒಂದೂ ಗಾಳಿಮಾತಾಯಿತು.

"ಈ ಚಿಕ್ಕ ಪುಸ್ತಕ ಬರ್ದವ್ರು ಯಾರು ಸಾರ್?" ಅಂತ ನಾನು ಕೇಳಿದೆ.

ಮೇಷ್ಟ್ರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಳೆ ಇಲ್ಲವಲ್ಲ," ಅಂದರು. ಆ ಮಾತು ಸುಳ್ಳಲ್ಲ. ಹಾಳೆ ಇರಲಿಲ್ಲ.

ಇನ್ನು ಉಳಿದದ್ದು ಕಣ್ಣಾರೆ ನೋಡುವುದು. ಅಪ್ಪಯ್ಯನನ್ನು ಕಾಡಿ ಬೇಡಿ ಬಸ್ಸಿನಲ್ಲಿ ನಗರಕ್ಕೆ ಕರೆದುಕೊಂಡು ಹೋದೆ. ಕೋಟೆಯೊಳಗೆ ದನ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಸುರಂಗದ ಬಾಯಿ ತೋರಿಸಿದಳು. ಗೋಡೆಯ ಬುಡದಲ್ಲಿ ಒಬ್ಬರು ಬಗ್ಗಿ ಹೋಗಬಹುದಾದ ಕತ್ತಲ ಕಿಂಡಿ, ಒಳಗಿಂದ ಬಾವಲಿಯ ನಾತ.

"ಇದ್ರೊಳಗೆ ಕೋಳಿ ಬಿಟ್ರೆ ಘಟ್ಟದ ಕೆಳಗೆ ಹೋಗಿ ಎದ್ದಿತ್ತು," ಅಂದಳು ಅಜ್ಜಿ.

"ಯಾರು ಬಿಟ್ಟಿದ್ರು ಅಜ್ಜಿ?" ಅಂತ ಕೇಳಿದೆ.

"ನನ್ನ ಅಜ್ಜನ ಕಾಲ್ದೋರು."

"ಘಟ್ಟದ ಕೆಳಗೆ ಎದ್ದಿದ್ದು ಅದೇ ಕೋಳಿ ಅಂತ ಹ್ಯಾಂಗೆ ಗೊತ್ತಾಯ್ತು?"

ಅಜ್ಜಿ ಅಪ್ಪಯ್ಯನ ಕಡೆ ತಿರುಗಿ, "ಈ ಹುಡ್ಗಿ ಗಂಡನ ಮನೇಲಿ ಬಾಳೋದು ಕಷ್ಟ ಅದೆ ಗೌಡ್ರೇ," ಅಂದಳು. ಅಪ್ಪಯ್ಯನಿಗೆ ನಗು ತಡೆಯಲಿಲ್ಲ. ಪಕ್ಕದ ಮನೆಯಿಂದ ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಕೇಳಿ ತಂದರು. ಪಂಚೆ ಎತ್ತಿಕಟ್ಟಿ, ಬಾಯಿಗೆ ಟವೆಲು ಸುತ್ತಿ, ಒಳಗೆ ನುಗ್ಗಿ ದೋಟಿಯನ್ನು ತೂರಿಸಿದರು. ದೋಟಿ ಅರ್ಧ ಹೋಗಿ ಠಣ್ ಅಂತ ಕಲ್ಲಿಗೆ ಬಡಿಯಿತು. ಎಡಕ್ಕೆ ತಿವಿದರು, ಬಲಕ್ಕೆ ತಿವಿದರು, ಮೇಲೆ ಕೆಳಗೆ ತಿವಿದರು. ಎಲ್ಲ ಕಡೆ ಕಟ್ಟಿದ ಗೋಡೆ. ಮೈತುಂಬಾ ಜೇಡರ ಬಲೆ ಮೆತ್ತಿಕೊಂಡು ಹೊರಗೆ ಬಂದು, "ರಾಣೀರ ಕುದ್ರೆ ಬಾಳ ಸಣ್ಣದಿತ್ತು ಕಾಣ್ತದೆ ಮಗಾ," ಅಂದರು. ಅವರು ಅಷ್ಟು ನಕ್ಕಿದ್ದನ್ನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಸ್ಪರ್ಧೆಯ ದಿನ ನಾನು, ಅಪ್ಪಯ್ಯ, ಮೇಷ್ಟ್ರು ಮೂವರೂ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆವು. ಸಭೆಯಲ್ಲಿ ಜನ ಚೆನ್ನಾಗಿ ಸೇರಿದ್ದರು. ತೀರ್ಪುಗಾರರು ಒಬ್ಬರೇ, ನಿವೃತ್ತರಾದ ಹಿರಿಯರು, ಬಿಳಿ ಟೋಪಿ, ಮಡಿಸಿದ ಅಂಗವಸ್ತ್ರ. ಅವರನ್ನು ಎಲ್ಲರೂ ಹಿರಿಯರು ಹಿರಿಯರು ಅನ್ನುತ್ತಿದ್ದರು, ಅಷ್ಟೇ. ನಾನೂ ಹಿರಿಯರೇ ಅಂದುಕೊಂಡೆ.

ನನಗಿಂತ ಮೊದಲು ಮಾತಾಡಿದ ಒಬ್ಬ ಹುಡುಗನೂ ನಗರದ ಕೋಟೆಯನ್ನೇ ಹಿಡಿದಿದ್ದ. ಸುರಂಗ, ಕುದುರೆ, ಪಂಜು, ಸಮುದ್ರ ಎಲ್ಲವೂ ಬಂದವು. ಪೂರ್ವಕ್ಕೆ ತಿರುಗಿ ಅನ್ನುವುದನ್ನೂ ಅವನು ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ಎದುರಾಳಿ ತಾನಾಗಿಯೇ ಬಂದು ನನ್ನ ಬಲೆಯಲ್ಲಿ ಕೂತಿದ್ದ.

ನನ್ನ ಸರದಿ ಬಂದಾಗ ಕೋಟೆಯ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳಿ, ಕೊನೆಗೆ ಸುರಂಗಕ್ಕೆ ಬಂದೆ. ಎರಡು ಪುಸ್ತಕದ ಕಥೆ ಹೇಳಿದೆ. ಸಮುದ್ರ ಪೂರ್ವಕ್ಕಿದ್ದರೆ ಸೂರ್ಯ ಆಗುಂಬೆಯಲ್ಲಿ ಹುಟ್ಟಬೇಕಿತ್ತು ಅಂದೆ. ಒಂದೇ ತಪ್ಪು ಇಬ್ಬರ ಪೇಪರಿನಲ್ಲಿ ಇದ್ದರೆ ನಮ್ಮ ಮೇಷ್ಟ್ರು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಪುಸ್ತಕ ಬರೆದವರನ್ನು ನಿಲ್ಲಿಸುವ ಬೆಂಚು ಎಲ್ಲಿದೆಯೋ ಗೊತ್ತಿಲ್ಲ ಅಂದೆ. ಸಭೆ ಘೊಳ್ಳನೆ ನಕ್ಕಿತು. ಬಿಳಿ ಟೋಪಿಯವರು ನಗಲಿಲ್ಲ. ವಯಸ್ಸಾದವರಿಗೆ ಕಿವಿ ಮಂದ ಇರಬೇಕು ಅಂದುಕೊಂಡೆ.

ಅವರು ಕೇಳಿದರು, "ಸುರಂಗ ಇಲ್ಲ ಅಂತ ನಿನಗೆ ಹೇಳಿದವರು ಯಾರು, ಮಗು?"

"ದೋಟಿ ಹೇಳಿತು ಸಾರ್," ಅಂದೆ.

ಮತ್ತೆ ನಗು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪಯ್ಯ ಅಕ್ಕಪಕ್ಕದವರಿಗೆ, ನಾನೇ ತಿವಿದದ್ದು ಅನ್ನುವ ಹಾಗೆ ಎದೆ ಮುಟ್ಟಿ ತೋರಿಸುತ್ತಿದ್ದರು.

ಎಲ್ಲರ ಭಾಷಣ ಮುಗಿದ ಮೇಲೆ ಸನ್ಮಾನ ಇತ್ತು. ಕಾರ್ಯಕ್ರಮ ನಡೆಸುತ್ತಿದ್ದವರು ಶಾಲು ಬಿಚ್ಚುತ್ತಾ, ಇವತ್ತಿನ ನಮ್ಮ ತೀರ್ಪುಗಾರರು ಈ ಸೀಮೆಯ ಕೋಟೆಗಳ ಮೇಲೆ ಪುಸ್ತಕ ಬರೆದ ವಿದ್ವಾಂಸರು, ಪ್ರತಿ ಶಾಲೆಯ ಲೈಬ್ರರಿಗೂ ತಮ್ಮ ಕೈಯಾರೆ ಒಂದೊಂದು ಪ್ರತಿ ಕೊಟ್ಟ ಉದಾರಿಗಳು ಅಂದರು. ಅಷ್ಟು ಹೇಳಿ ಆ ಪುಸ್ತಕವನ್ನು ಎತ್ತಿ ತೋರಿಸಿದರು. ರಟ್ಟು ಇತ್ತು, ಹಾಳೆ ಇತ್ತು, ಹೆಸರಿತ್ತು. ಗಾತ್ರ ನೋಡಿದ ಕೂಡಲೆ ನನಗೆ ಗೊತ್ತಾಯಿತು. ನಮ್ಮ ಬೀರುವಿನ ಹುಳ ತಿಂದಿದ್ದು ಅದೇ ಹೆಸರನ್ನು.

ಕಪ್ ಆ ಹುಡುಗನಿಗೆ ಹೋಯಿತು. ಬಿಳಿ ಟೋಪಿಯವರು ಕೊನೆಯ ಮಾತಾಡಿದರು. ಓದು ಹೆಚ್ಚಾದ ಹೆಣ್ಣುಮಕ್ಕಳಲ್ಲಿ ಮೊದಲು ಹೋಗುವುದು ವಿನಯ, ಪೋಷಕರು ಗಮನಿಸಬೇಕು ಅಂದರು. ಹಿಂದಿನ ಸಾಲಿನಲ್ಲಿ ಅಪ್ಪಯ್ಯ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರು ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪಯ್ಯ ಬಸ್ಸು ವಿಚಾರಿಸಲು ಹೋದಾಗ ನಾನು ಮೇಷ್ಟ್ರನ್ನು ಕೇಳಿದೆ.

"ಆ ಚಿಕ್ಕ ಪುಸ್ತಕ ಅವ್ರದ್ದು ಅಂತ ನಿಮಗೆ ಗೊತ್ತಿತ್ತಾ ಸಾರ್?"

ಮೇಷ್ಟ್ರು ತುಂಗಾ ಹೊಳೆಯ ಕಡೆ ಮುಖ ತಿರುಗಿಸಿದರು. "ಗೊತ್ತಿತ್ತು," ಅಂದರು.

"ಅವ್ರೇ ತೀರ್ಪು ಕೊಡೋದು ಅಂತಾನೂ?"

"ಅದೂ ಗೊತ್ತಿತ್ತು. ಹೇಳಿದ್ದರೆ ನೀನು ಹೆದರಿ ಬೇರೆ ಬರೆಯುತ್ತಿದ್ದೆ. ಒಂದು ಸಲವಾದರೂ ಅವರ ಎದುರಿಗೆ ಯಾರಾದರೂ ಹೇಳಲಿ ಅಂತ ಇತ್ತು ನನಗೆ."

"ಹೇಳೋನು ಯಾರು, ಅವನಿಗೆ ಎಂತ ಸಿಗ್ತದೆ ಅಂತ ಮೊದಲು ಕೇಳ್ಬೇಕು ಅಂತ ಕಲ್ಸಿದ್ದು ನೀವೇ. ಅಷ್ಟನ್ನೇ ನಂಗೆ ಮುಚ್ಚಿಟ್ರಿ. ನೀವೇ ಹೇಳ್ಬಹುದಿತ್ತಲ್ಲ ಅವ್ರಿಗೆ."

"ನನಗೆ ಒಂದು ನೌಕರಿ ಇದೆಯಮ್ಮಾ," ಅಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಗಿರಬೇಕು, ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ನನಗೂ ಒಂದು ಕಾಲೇಜು ಇತ್ತು ಅನ್ನುವುದು ಅವರಿಗೆ ಗೊತ್ತಿತ್ತು. ಟ್ರಂಕಿನ ಕಥೆಯನ್ನು ನಾನೇ ನಗುತ್ತಾ ಹೇಳಿದ್ದೆ.

ಇಷ್ಟು ವರ್ಷ ಕಳೆದ ಮೇಲೂ ನಾನು ಬಿಳಿ ಟೋಪಿಯವರನ್ನು ಅಷ್ಟು ಬೈಯುವುದಿಲ್ಲ. ಅವರು ತಮ್ಮ ಪುಸ್ತಕ ಕಾದುಕೊಂಡರು. ನಿಜದ ಪಾಠ ಹೇಳಿಕೊಟ್ಟವರೇ ನನ್ನನ್ನು ದೋಟಿ ಮಾಡಿ ಕತ್ತಲಿಗೆ ತೂರಿಸಿ, ಕಲ್ಲು ಎಷ್ಟು ಗಟ್ಟಿ ಅಂತ ನೋಡಿದರಲ್ಲ, ಅದು ಇಳಿಯುವುದಿಲ್ಲ. ಆಮೇಲೆ ತಾಳಮದ್ದಳೆಯೂ ನಿಂತಿತು. ತೀರ್ಥಹಳ್ಳಿಯಿಂದ ಹೆಡ್‌ಮೇಷ್ಟ್ರಿಗೆ ಏನು ಮಾತು ಬಂತೋ, ಶನಿವಾರದ ಆ ಪಿರಿಯಡ್ಡಿನಲ್ಲಿ ಹುಡುಗರಿಗೆ ಡ್ರಿಲ್ಲು, ಹುಡುಗಿಯರಿಗೆ ಹೊಲಿಗೆ ಅಂತಾಯಿತು. ಬೀರುಗಳಿಗೆ ಮತ್ತೆ ಬೀಗ ಬಿತ್ತು. ಮೇಷ್ಟ್ರು ಯಾವ ತಕರಾರನ್ನೂ ಮಾಡಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಅವರು ನನ್ನ ಬೆಂಚಿನ ಕಡೆ ನೋಡದೆ ಪಾಠ ಮಾಡಿದರು. ನಾನು ಒಳ್ಳೆಯ ನಂಬರಿನಲ್ಲೇ ಪಾಸಾದೆ. ಆ ನಂಬರು ಯಾರಿಗೂ ಬೇಕಾಗಿರಲಿಲ್ಲ.

ತೀರ್ಥಹಳ್ಳಿಯಿಂದ ಬಂದ ಸಂಜೆ ದೊಡ್ಡಪ್ಪ ಜಗಲಿಯಲ್ಲೇ ಕೂತಿದ್ದರು. "ಎಲ್ಲಿ ಕಪ್?" ಅಂದರು.

"ಬರ್ಲಿಲ್ಲ," ಅಂದರು ಅಪ್ಪಯ್ಯ.

"ಎಂತಾಯ್ತು?"

ಅಪ್ಪಯ್ಯ ಹೇಳಬಹುದಿತ್ತು. ದೋಟಿ ಹಿಡಿದದ್ದು ನಾನೇ, ಹುಡುಗಿ ಹೇಳಿದ್ದು ಸರಿ, ತೀರ್ಪು ಕೊಟ್ಟವರೇ ಪುಸ್ತಕದ ಯಜಮಾನರು ಅಂತ. ಅವರು ಕಾಲು ತೊಳೆಯಲು ಹಂಡೆಯ ಹತ್ತಿರ ಹೋಗುತ್ತಾ, "ಇವ್ಳು ಸ್ವಲ್ಪ ಜಾಸ್ತಿ ಮಾತಾಡಿದ್ಳು," ಅಂದರು.

"ಹಂಗಾದ್ರೆ ಮಾತು ಮುಗೀತು," ಅಂದರು ದೊಡ್ಡಪ್ಪ. ಅಲ್ಲಿಗೆ ಸಾಗರ ಮುಗಿಯಿತು. ಮುಂದಿನ ವರ್ಷ ನನ್ನನ್ನು ರಿಪ್ಪನ್‌ಪೇಟೆಯ ಕಡೆ ಕೊಟ್ಟರು. ಒಳ್ಳೆಯ ಮನೆಯೇ. ಓದಲು ಏನೂ ಇಲ್ಲದ ಒಳ್ಳೆಯ ಮನೆ.

ತೀರ್ಥಹಳ್ಳಿಯಿಂದ ಬಂದ ಮಾರನೆಯ ಬೆಳಿಗ್ಗೆ ಅವ್ವ ಟ್ರಂಕಿನಿಂದ ಬಟ್ಟೆ ತೆಗೆಯುತ್ತಿದ್ದಳು. ಹೊಲಿಸಿಟ್ಟಿದ್ದ ರವಿಕೆಗಳನ್ನು ಒಂದೊಂದೇ ಮಡಿಸಿ ಮತ್ತೆ ಗೂಟದ ಬದಿಯ ಪೆಟ್ಟಿಗೆಗೆ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಇಡೀ ಕಥೆ ಹೇಳಿದೆ. ಪುಸ್ತಕಗಳು, ಪೂರ್ವ, ಪಶ್ಚಿಮ, ಅಪ್ಪಯ್ಯನ ದೋಟಿ, ಬಿಳಿ ಟೋಪಿ, ಮೇಷ್ಟ್ರು ಬಾಯಿ ಮುಚ್ಚಿಕೊಂಡದ್ದು. ಅವಳಾದರೂ ನನ್ನ ಪರ ನಿಲ್ಲುತ್ತಾಳೆ ಅಂತ ನನಗೆ ನಂಬಿಕೆ. ಅವಳು ಮಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಸುರಂಗ ಇಲ್ಲದ್ದು ನಿಜ ತಾನೇ ಅವ್ವ?" ಅಂದೆ. "ನಾನು ಹೇಳಿದ್ದು ತಪ್ಪಾ?"

ಅವ್ವ ಕೊನೆಯ ರವಿಕೆಯನ್ನು ನನ್ನ ಮಡಿಲಿಗೆ ಎಸೆದಳು.

"ಇಲ್ಲದ ಸುರಂಗ ಇದೆ ಅಂದಿದ್ರೆ ಯಾರ ಮನೆ ಹಾಳಾಗ್ತಿತ್ತು ಮಾರಾಯ್ತಿ? ಇಲ್ಲ ಅಂದೆಯಲ್ಲ, ನೋಡು ಈಗ ಯಾರದ್ದಾಯ್ತು ಅಂತ."